ಮೂಲೆಯ ಬೆಳಕು ಹುಡುಕಲು ಮೀಪ್: ಒಂದು ಸೆಮಿಸ್ಟರ್ ಬಳಸಿದ ಮೇಲೆ

ಆರು ತಿಂಗಳಿಂದ ನನ್ನ ಲ್ಯಾಪ್‌ಟಾಪ್ ಒಂದು ಇಡ್ಲಿ ತಟ್ಟೆಯ ಮೇಲೆ ಕೂತಿದೆ. ಬೋರಲು ಹಾಕಿದ ತಟ್ಟೆ. ತೂತುಗಳಿಂದ ಗಾಳಿಯಾಡುತ್ತದೆ, ಫ್ಯಾನ್ ಸ್ವಲ್ಪ ಕಮ್ಮಿ ಕೂಗುತ್ತದೆ. ಇದಕ್ಕೆಲ್ಲ ಕಾರಣ ಮೀಪ್ ಅನ್ನುವ ಸಾಫ್ಟ್‌ವೇರ್. ಬೆಳಕು ಒಂದು ವಸ್ತುವಿನೊಳಗೆ ಹೇಗೆ ಓಡಾಡುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಲೆಕ್ಕ ಹಾಕಿ ತೋರಿಸುವುದು ಅದರ ಕೆಲಸ. ನಾನು ಶುರು ಮಾಡುವಾಗ ಬಳಸಿದವರ ಅನುಭವ ಕನ್ನಡದಲ್ಲಿ ಹುಡುಕಿದೆ, ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಈ ವರ್ಷ ಇಬ್ಬರು ಹುಡುಗಿಯರು ಪ್ರಾಜೆಕ್ಟ್ ಕೇಳಿಕೊಂಡು ಬಂದರು. "ಮೇಡಂ, ಫೋಟಾನಿಕ್ ಲ್ಯಾಟಿಸ್‌ನಲ್ಲಿ ಹೈಯರ್ ಆರ್ಡರ್ ಟೋಪಾಲಜಿಕಲ್ ಇನ್ಸುಲೇಟರ್ ಮಾಡ್ತೀವಿ" ಅಂದರು. ಒಬ್ಬಳು ಯಾವುದೋ ವಿಡಿಯೋ ನೋಡಿದ್ದಳು. ನಮ್ಮ ಲ್ಯಾಬಿನಲ್ಲಿ ಇರುವುದು ಒಂದು ಹೀಲಿಯಂ-ನಿಯಾನ್ ಲೇಸರ್, ನಾಲ್ಕು ಸ್ಪೆಕ್ಟ್ರೋಮೀಟರ್. ಅದರಲ್ಲೊಂದಕ್ಕೆ ಸ್ಕ್ರೂ ಇಲ್ಲ. ಹಾಗಾಗಿ ಏನು ಮಾಡುವುದಿದ್ದರೂ ಕಂಪ್ಯೂಟರಿನಲ್ಲೇ.

ವಿಷಯ ಹೊಸದು ಅನ್ನುವವರಿಗೆ ಎರಡು ಮಾತು. ಫೋಟಾನಿಕ್ ಲ್ಯಾಟಿಸ್ ಅಂದರೆ ಬೆಳಕು ಓಡಾಡಲು ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಜೋಡಿಸಿದ ಕಡ್ಡಿಗಳಂಥ ರಚನೆ. ಮಾಮೂಲಿ ಟೋಪಾಲಜಿಕಲ್ ಇನ್ಸುಲೇಟರನ್ನು ಒಂದು ಹಾಳೆ ಅಂದುಕೊಳ್ಳಿ. ಒಳಗೆ ಕರೆಂಟ್ ಹರಿಯುವುದಿಲ್ಲ, ಅಂಚಿನಲ್ಲಿ ಹರಿಯುತ್ತದೆ. ಹೈಯರ್ ಆರ್ಡರ್ ಅಂದರೆ ಇನ್ನೊಂದು ಮೆಟ್ಟಿಲು ಕೆಳಗೆ. ಹಾಳೆಯ ಒಳಗೂ ಇಲ್ಲ, ಅಂಚಿನಲ್ಲೂ ಇಲ್ಲ, ಮೂಲೆಯಲ್ಲಿ ಮಾತ್ರ ಏನೋ ಕೂತಿರುತ್ತದೆ. 2017ರಲ್ಲಿ ಬೆನಾಲ್ಕಾಸರ್, ಬರ್ನೆವಿಗ್, ಹ್ಯೂಸ್ ಈ ಲೆಕ್ಕವನ್ನು ಸೈನ್ಸ್ ಪತ್ರಿಕೆಯಲ್ಲಿ ಮುಂದಿಟ್ಟರು. ಮರುವರ್ಷವೇ ಮಾಡಿ ತೋರಿಸಿದವರು ಹುಟ್ಟಿಕೊಂಡರು. ಝೂರಿಕ್‌ನವರು ಸಿಲಿಕಾನ್ ತಟ್ಟೆಗಳ ಕಂಪನದಲ್ಲಿ, ಇಲಿನಾಯ್‌ನವರು ಮೈಕ್ರೋವೇವ್‌ನಲ್ಲಿ, ವೂರ್ಟ್ಸ್‌ಬರ್ಗ್‌ನವರು ಕಾಯಿಲ್ ಕೆಪಾಸಿಟರ್ ಬೆಸುಗೆ ಹಾಕಿದ ಬೋರ್ಡಿನಲ್ಲಿ. 2019ರಲ್ಲಿ ಮೇರಿಲ್ಯಾಂಡಿನ ಗುಂಪು ಸಿಲಿಕಾನ್ ಚಿಪ್ಪಿನ ಮೇಲೆ ಪುಟ್ಟ ಉಂಗುರಗಳನ್ನು ಜೋಡಿಸಿ ಅದನ್ನು ಬೆಳಕಿನಲ್ಲೂ ಮಾಡಿತು.

ಆ ಮೂಲ ಲೆಕ್ಕದಲ್ಲಿ ಒಂದು ತೊಡಕಿದೆ. ಪ್ರತಿ ಚೌಕದ ನಾಲ್ಕು ಜೋಡಣೆಗಳಲ್ಲಿ (ಜೋಡಣೆ ಅಂದರೆ ಒಂದು ಜಾಗದಿಂದ ಪಕ್ಕದ್ದಕ್ಕೆ ದಾಟುವ ಪ್ರಮಾಣ) ಒಂದು ಮೈನಸ್ ಚಿಹ್ನೆಯದ್ದಾಗಿರಬೇಕು. ಸುಮ್ನೆ ನೆಟ್ಟು ನಿಲ್ಲಿಸಿದ ಕಡ್ಡಿಗಳಲ್ಲಿ ಅದು ಸುಲಭಕ್ಕೆ ಬರುವುದಿಲ್ಲ. ನಾವು ಹಿಡಿದದ್ದು ಬೇರೆ ದಾರಿ, ಎರಡು ಆಯಾಮದ ಎಸ್‌ಎಸ್‌ಎಚ್. 1979ರಲ್ಲಿ ಸು, ಶ್ರೀಫರ್, ಹೀಗರ್ ಪಾಲಿಅಸಿಟಿಲಿನ್ ಅನ್ನುವ ಉದ್ದ ಅಣುವಿನ ಸರಪಳಿಗೆ ಹಾಕಿದ ಲೆಕ್ಕವನ್ನೇ ಚೌಕದ ಮೇಲೆ ಹರಡಿದರೆ ಇದು ಸಿಗುತ್ತದೆ. ಇಲ್ಲಿ ಮೈನಸ್ ಬೇಕಿಲ್ಲ. ಗಾಳಿಯಲ್ಲಿ ಕಡ್ಡಿಗಳು, ನಾಲ್ಕು ನಾಲ್ಕರ ಗುಂಪು, ಅಷ್ಟೇ. 2019ರಲ್ಲಿ ಚೀನಾದ ಎರಡು ಗುಂಪುಗಳು ಇಂಥದ್ದನ್ನು ಮೈಕ್ರೋವೇವ್‌ನಲ್ಲಿ ಅಳೆದು ತೋರಿಸಿವೆ.

ಈಗ ಸಾಫ್ಟ್‌ವೇರ್ ವಿಚಾರ. ಮೀಪ್ ಹುಟ್ಟಿದ್ದು ಎಂಐಟಿಯಲ್ಲಿ. ಇದರ ಹಿಂದಿರುವ ಸ್ಟೀವನ್ ಜಾನ್ಸನ್, ಫೂರಿಯೆ ಲೆಕ್ಕಕ್ಕೆ ಎಲ್ಲರೂ ಬಳಸುವ ಎಫ್‌ಎಫ್‌ಟಿಡಬ್ಲ್ಯು ಬರೆದ ಇಬ್ಬರಲ್ಲಿ ಒಬ್ಬರು. ಅದು ಗೊತ್ತಾದ ಮೇಲೆ ನನಗೆ ನಂಬಿಕೆ ಜಾಸ್ತಿಯಾಯಿತು. ಬೆಲೆ ಸೊನ್ನೆ. ಜಿಪಿಎಲ್ ಲೈಸೆನ್ಸ್, ಒಳಗಿನ ಕೋಡ್ ಕೂಡ ಬಿಚ್ಚಿ ನೋಡಬಹುದು. ಇದೇ ಕೆಲಸಕ್ಕೆ ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್‌ಗಳಿವೆ. ಒಂದಕ್ಕೆ ಕೊಟೇಶನ್ ತರಿಸಿದ್ದೆವು. ಪ್ರಿನ್ಸಿಪಾಲರು ಅದನ್ನು ಓದಿ, ಮಡಚಿ, ನನ್ನ ಕೈಗೇ ವಾಪಸ್ ಕೊಟ್ಟರು. ಒಂದು ಮಾತೂ ಆಡಲಿಲ್ಲ.

ಇನ್‌ಸ್ಟಾಲ್ ಮಾಡುವುದು ಲಿನಕ್ಸ್ ಇದ್ದವರಿಗೆ ಐದು ನಿಮಿಷದ ಮಾತು. ಕಾಂಡಾ ಅನ್ನುವ ಇನ್‌ಸ್ಟಾಲರ್ ಮೂಲಕ ಪೈಮೀಪ್ ಅಂತ ಕೇಳಿದರೆ ಬಂದು ಕೂರುತ್ತದೆ. ವಿಂಡೋಸ್‌ನವರಿಗೆ ನೇರ ದಾರಿ ಇಲ್ಲ. ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿ, ಅದರೊಳಗೆ ಉಬುಂಟು ಹಾಕಿ, ಅದರೊಳಗೆ ಕಾಂಡಾ ಹಾಕಬೇಕು. ನಮ್ಮ ಕಾಲೇಜಿನ ಕಂಪ್ಯೂಟರುಗಳಲ್ಲಿ ಇರುವುದು ವಿಂಡೋಸೇ. ಅಡ್ಮಿನ್ ಪಾಸ್‌ವರ್ಡ್ ಗೊತ್ತಿರುವುದು ಒಬ್ಬರಿಗೆ, ಅವರು ಎಲೆಕ್ಷನ್ ಡ್ಯೂಟಿಗೆ ಹೋಗಿದ್ದರು. ಹಾಗಾಗಿ ಪ್ರಾಜೆಕ್ಟ್ ನಮ್ಮ ಮನೆಯ ಊಟದ ಟೇಬಲ್ಲಿಗೆ ಬಂತು. ಇದು ಮೀಪ್‌ನ ತಪ್ಪಲ್ಲ ಬಿಡಿ.

ಹಳೆಯ ಬಳಕೆದಾರರು ಸ್ಕೀಮ್ ಭಾಷೆಯಲ್ಲಿ ಬರೆಯುತ್ತಿದ್ದರಂತೆ, ಬರೀ ಬ್ರಾಕೆಟ್ಟು. ಈಗ ಪೈಥಾನ್ ಸಾಕು. ಬ್ಯಾಂಡ್, ಅಂದರೆ ಲ್ಯಾಟಿಸ್‌ನೊಳಗೆ ಬೆಳಕು ಓಡಾಡಬಲ್ಲ ಫ್ರೀಕ್ವೆನ್ಸಿಗಳ ಪಟ್ಟಿ, ಲೆಕ್ಕ ಹಾಕುವ ಎಂಪಿಬಿ ಅನ್ನುವ ಸಾಫ್ಟ್‌ವೇರ್ ಕೂಡ ಅದೇ ಪೊಟ್ಟಣದಲ್ಲಿ ಬರುತ್ತದೆ. ಇದು ನಿಜಕ್ಕೂ ದೊಡ್ಡ ಅನುಕೂಲ. ಕಡ್ಡಿಗಳ ಅಳತೆಯನ್ನು ಒಂದೇ ಫೈಲಿನಲ್ಲಿ ಬರೆದು ಎರಡಕ್ಕೂ ಕೊಡಬಹುದು.

ಮೊದಲ ವಾರ ಎಲ್ಲರನ್ನೂ ತಬ್ಬಿಬ್ಬು ಮಾಡುವುದು ಅಳತೆಯ ಮಾನ. ಮೀಪ್‌ನಲ್ಲಿ ಮೀಟರೂ ಇಲ್ಲ, ಸೆಕೆಂಡೂ ಇಲ್ಲ. ಬೆಳಕಿನ ವೇಗ 1, ನೀವು ಆರಿಸಿದ ಉದ್ದ 1. ಹುಡುಗಿಯರು "ಮೇಡಂ, ಫ್ರೀಕ್ವೆನ್ಸಿ 0.3 ಅಂತ ಬರ್ತಿದೆ, 0.3 ಏನು?" ಅಂತ ಕೇಳಿದರು. ನಾನು ಬೋರ್ಡಿನ ಮೇಲೆ ಬರೆದೆ. ಲ್ಯಾಟಿಸ್‌ನ ಒಂದು ಮನೆ 1 ಸೆಂಟಿಮೀಟರ್ ಆದರೆ 0.3 ಅಂದರೆ 9 ಗಿಗಾಹರ್ಟ್ಸ್, ಮೈಕ್ರೋವೇವ್. ಅದೇ ಮನೆ 465 ನ್ಯಾನೋಮೀಟರ್ ಆದರೆ 0.3 ಅಂದರೆ 1550 ನ್ಯಾನೋಮೀಟರ್ ತರಂಗ, ಇಂಟರ್ನೆಟ್ ಕೇಬಲ್ಲಿನ ಬೆಳಕು. ಮ್ಯಾಕ್ಸ್‌ವೆಲ್ ಸಮೀಕರಣಗಳಿಗೆ ಸಣ್ಣದು ದೊಡ್ಡದು ಅನ್ನುವ ಭೇದವಿಲ್ಲ. ವಸ್ತುವಿನ ಗುಣ ಬದಲಾಗದಿದ್ದರೆ ಒಂದೇ ರನ್ ಎರಡಕ್ಕೂ ಸಾಕು. ಒಗ್ಗಿಕೊಂಡ ಮೇಲೆ ಇದಕ್ಕಿಂತ ಸುಖ ಇನ್ನೊಂದಿಲ್ಲ.

ಮೀಪ್ ಕೆಲಸ ಮಾಡುವ ರೀತಿಯೂ ಹೇಳಬೇಕು, ಯಾಕೆಂದರೆ ಅದರ ಗುಣ ದೋಷ ಎರಡೂ ಅಲ್ಲಿಂದಲೇ ಬರುತ್ತವೆ. ಜಾಗವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಕಾಲವನ್ನೂ ತುಂಡು ಮಾಡಿ, ಬೆಳಕನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸುತ್ತದೆ. 1966ರಲ್ಲಿ ಯೀ ಕೊಟ್ಟ ವಿಧಾನ. ಮೂಲೆಯಲ್ಲಿ ಯಾವ ಫ್ರೀಕ್ವೆನ್ಸಿ ಕೂತಿದೆ ಅಂತ ನೇರವಾಗಿ ಕೇಳಲು ಆಗುವುದಿಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ಕೇಳುತ್ತೇವಲ್ಲ, ಹಾಗೆ. ಒಂದು ಚಿಕ್ಕ ಪಲ್ಸ್ ಕೊಟ್ಟು ಸುಮ್ಮನೆ ಕಾಯಬೇಕು. ಓಡಿ ಹೋಗುವ ಬೆಳಕು ಓಡಿ ಹೋಗುತ್ತದೆ, ಉಳಿದದ್ದು ಗುಂಯ್ ಅನ್ನುತ್ತಿರುತ್ತದೆ. ಹಾರ್ಮಿನ್ವ್ ಅನ್ನುವ ಸಲಕರಣೆ ಆ ಗುಂಯ್ ಕೇಳಿ ಫ್ರೀಕ್ವೆನ್ಸಿ ಎಷ್ಟು, ಎಷ್ಟು ಹೊತ್ತು ಉಳಿಯುತ್ತದೆ ಅಂತ ಹೇಳುತ್ತದೆ. ಮಡಕೆ ಅದುರದ ಜಾಗದಲ್ಲೇ ತಟ್ಟಿದರೆ ಶಬ್ದ ಬರುವುದಿಲ್ಲ. ಇಲ್ಲೂ ಹಾಗೇ. ನಮ್ಮ ಮೊದಲ ಸೋರ್ಸ್ ಸರಿಯಾಗಿ ಚೌಕದ ನಟ್ಟನಡುವೆ ಇತ್ತು. ಅಲ್ಲಿ ತಟ್ಟಿದರೆ ಮೂಲೆಗೆ ಏನು ಕೇಳಿಸೀತು? ಮೂಲೆಯ ಹತ್ತಿರ, ಅದೂ ಒಂಚೂರು ಸೊಟ್ಟಗೆ ಇಡಬೇಕು.

ನಮ್ಮ ಅಳತೆ ಹೀಗಿತ್ತು. ಮನೆಯ ಅಗಲ 1. ಕಡ್ಡಿಯ ತ್ರಿಜ್ಯ 0.12, ಎಪ್ಸಿಲಾನ್ (ವಸ್ತು ಬೆಳಕನ್ನು ಎಷ್ಟು ನಿಧಾನ ಮಾಡುತ್ತದೆ ಅಂತ ಹೇಳುವ ಸಂಖ್ಯೆ) 12, ಅಂದರೆ ಹೆಚ್ಚುಕಮ್ಮಿ ಸಿಲಿಕಾನ್. ನಾಲ್ಕು ಕಡ್ಡಿಗಳನ್ನು ಮನೆಯ ನಡುವಿನಿಂದ ಎಡಬಲಕ್ಕೆ 0.25, ಮೇಲೆಕೆಳಗೆ 0.25 ದೂರದಲ್ಲಿಟ್ಟರೆ ಎಲ್ಲ ಕಡ್ಡಿಗಳೂ ಸಮ ಅಂತರದಲ್ಲಿರುತ್ತವೆ, ಮೊದಲ ಎರಡು ಬ್ಯಾಂಡ್ ನಡುವೆ ಗ್ಯಾಪ್, ಅಂದರೆ ಬೆಳಕು ಹರಿಯಲಾಗದ ಫ್ರೀಕ್ವೆನ್ಸಿಗಳ ಸಂದು, ಇರುವುದಿಲ್ಲ. ಒಳಗೆ ಎಳೆದರೆ ಗ್ಯಾಪ್ ತೆರೆಯುತ್ತದೆ. ಮೊದಲು 0.22ಕ್ಕೆ ಎಳೆದು ನೋಡಿದೆವು, ಸಾಲಲಿಲ್ಲ. ಒಂದು ದಿಕ್ಕಿನಲ್ಲಿ ತೆರೆದ ಗ್ಯಾಪ್ ಇನ್ನೊಂದು ದಿಕ್ಕಿನ ಬ್ಯಾಂಡ್‌ನಿಂದ ಮುಚ್ಚಿಹೋಗುತ್ತಿತ್ತು. ಕೈ ಲೆಕ್ಕದಲ್ಲೂ ಅದು ಗೊತ್ತಾಗುತ್ತದೆ. ಸರಳ ಮಾದರಿಯಲ್ಲಿ ಒಂದು ಜೋಡಣೆ ಇನ್ನೊಂದರ ಎರಡು ಪಟ್ಟಿಗಿಂತ ಜಾಸ್ತಿ ಇರಬೇಕು, ಆಗಲೇ ಪೂರ್ತಿ ಗ್ಯಾಪ್. 0.15ಕ್ಕೆ ಎಳೆದ ಮೇಲೆ ದಾರಿಗೆ ಬಂತು. ಎಂಪಿಬಿ ಈ ಕೆಲಸವನ್ನು ಒಂದು ಲೋಟ ಕಾಫಿ ಮುಗಿಯುವುದರೊಳಗೆ ಮಾಡುತ್ತದೆ. ಅದಕ್ಕೆ ಪೂರ್ತಿ ಅಂಕ.

ಇಲ್ಲೊಂದು ಮಜಾ ಇದೆ. ಕಡ್ಡಿಗಳನ್ನು 0.15ಕ್ಕೆ ಒಳಗೆ ಎಳೆದ ಲ್ಯಾಟಿಸ್, 0.35ಕ್ಕೆ ಹೊರಗೆ ತಳ್ಳಿದ ಲ್ಯಾಟಿಸ್, ಎರಡೂ ಒಂದೇ! ಅರ್ಧ ಮನೆ ಸರಿಸಿದರೆ ಒಂದರ ಮೇಲೊಂದು ಕೂರುತ್ತವೆ. ಬ್ಯಾಂಡ್ ಚಿತ್ರವೂ ಒಂದೇ. ಆದರೂ ಒಂದು ಮಾಮೂಲಿ, ಇನ್ನೊಂದು ಟೋಪಾಲಜಿಕಲ್. ಹುಡುಗಿಯರಿಗೆ ಇದು ಮೋಸ ಅನ್ನಿಸಿತು. ನನ್ನ ಅತ್ತೆ ದಿನಾ ಬೆಳಗ್ಗೆ ಬಾಗಿಲಿಗೆ ಚುಕ್ಕಿ ರಂಗೋಲಿ ಹಾಕುತ್ತಾರೆ. ಅವರ ಚುಕ್ಕಿಗಳ ಮೇಲೆ ಚಾಕ್‌ಪೀಸಿನಿಂದ ಚೌಕ ಎಳೆದು ತೋರಿಸಿದೆ. ನಾಲ್ಕು ಚುಕ್ಕಿಯ ಗುಂಪನ್ನು ಇಡಿಯಾಗಿ ಒಳಗೆ ಹಾಕಿಕೊಂಡು ಎಳೆದರೆ ಒಂದು ಥರ. ಗುಂಪಿನ ನಡುವೆಯೇ ಗೆರೆ ಹೋದರೆ ಅಂಚಿನಲ್ಲಿ ಜೋಡಿ ಚುಕ್ಕಿ ಉಳಿಯುತ್ತದೆ, ಮೂಲೆಯಲ್ಲಿ ಒಂಟಿ ಚುಕ್ಕಿ. ಆ ಒಂಟಿ ಚುಕ್ಕಿಯೇ ನಮ್ಮ ಮೂಲೆಯ ಬೆಳಕು. ವ್ಯತ್ಯಾಸ ಇರುವುದು ಎಲ್ಲಿ ಕತ್ತರಿಸುತ್ತೀರಿ ಅನ್ನುವುದರಲ್ಲಿ. ಅತ್ತೆಗೆ ರಂಗೋಲಿ ಕೆಡಿಸಿದ್ದಕ್ಕೆ ಸಿಟ್ಟು ಬಂತು, ಅದು ಬೇರೆ ವಿಷಯ.

ಆಮೇಲೆ ಎರಡು ಸಲ ಎಡವಿದೆವು. ಮೊದಲನೆಯದು ದಡ್ಡತನ. ಹೊರಗೆ ತಳ್ಳಿದ ಲ್ಯಾಟಿಸನ್ನು ಚೌಕವಾಗಿ ಕತ್ತರಿಸಿ ಗಾಳಿಯಲ್ಲಿ ಇಟ್ಟೆವು, ಸುತ್ತ ಪಿಎಂಎಲ್. ಅದು ಬೆಳಕಿಗೆ ಬ್ಲಾಟಿಂಗ್ ಪೇಪರ್ ಇದ್ದಂತೆ, ಬಂದದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಒಂದು ವಾರ ಏನೂ ಕಾಣಲಿಲ್ಲ. ಎಲೆಕ್ಟ್ರಾನ್ ಆದರೆ ಹಾಳೆಯ ಹೊರಗೆ ಹಾರುವುದಿಲ್ಲ. ಗಾಳಿಗೆ ಬ್ಯಾಂಡ್ ಗ್ಯಾಪ್ ಇಲ್ಲ, ಬೆಳಕು ಆರಾಮಾಗಿ ಹೊರಟು ಹೋಗುತ್ತದೆ. ಪುಸ್ತಕದಲ್ಲಿ ಎಲೆಕ್ಟ್ರಾನ್ ಪಾಠ ಮಾಡಿ ಮಾಡಿ ನನಗೆ ಇದು ಹೊಳೆಯಲೇ ಇಲ್ಲ. ಸುತ್ತಲೂ ಮಾಮೂಲಿ ಲ್ಯಾಟಿಸಿನ ಬೇಲಿ ಹಾಕಬೇಕು. ಅದಕ್ಕೂ ಅದೇ ಗ್ಯಾಪ್ ಇರುವುದರಿಂದ ಬೆಳಕು ಎತ್ತಲೂ ಹೋಗುವಂತಿಲ್ಲ. ಒಳಗೆ 8 ಮನೆ, ಸುತ್ತ ನಾಲ್ಕು ನಾಲ್ಕು ಮನೆ ಬೇಲಿ, ಒಟ್ಟು 16 ಮನೆ ಅಗಲ, 16 ಮನೆ ಉದ್ದ.

ಎರಡನೆಯದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆ. ಬೇಲಿ ಹಾಕಿದ ರಾತ್ರಿಯೇ ಗ್ಯಾಪ್‌ನ ನಡುವೆ ಒಂದು ಗೆರೆ ಬಂತು, ಚಿತ್ರ ತೆಗೆದರೆ ಒಂದು ಮೂಲೆಯಲ್ಲಿ ಕೆಂಪು ನೀಲಿ ಬೊಟ್ಟು. ಹುಡುಗಿಯರಿಗೆ ಫೋನ್ ಮಾಡಿದೆ, ಹೋಳಿಗೆ ಮಾಡೋಣ ಅಂದೆ. ಅತ್ತೆ ಕನ್ನಡಕ ಹಾಕಿಕೊಂಡು ಬಂದು ನೋಡಿದರು.

"ಇದೇನಮ್ಮ, ಒಂದೇ ಮೂಲೇಲಿ ಐತೆ? ಉಳಿದ ಮೂರು ಮೂಲೆ ಯಾಕೆ ಬರಿದು?"

"ಅಲ್ಲೇ ತಟ್ಟಿದ್ದು ಅತ್ತೆ, ಅದಕ್ಕೇ ಅಲ್ಲಿ ಜಾಸ್ತಿ."

"ಜಾಸ್ತಿ ಕಮ್ಮಿ ಅಲ್ಲ, ಅಲ್ಲಿ ಚುಕ್ಕಿನೇ ಇಲ್ವಲ್ಲ!"

ಹೌದು, ಚುಕ್ಕಿಯೇ ಇರಲಿಲ್ಲ. ಪೈಥಾನ್ ಲೂಪ್ ಒಂದು ಕಮ್ಮಿ ಎಣಿಸಿ, ಆ ಮೂಲೆಯ ಮನೆಯನ್ನೇ ಬಿಟ್ಟುಬಿಟ್ಟಿತ್ತು. ನಾಲ್ಕು ಕಡ್ಡಿ ಇಲ್ಲದ ಖಾಲಿ ಗುಂಡಿ. ಆ ಗುಂಡಿಯಲ್ಲಿ ಬೆಳಕು ನಿಂತಿತ್ತು. ಲ್ಯಾಟಿಸಿನಲ್ಲಿ ಎಲ್ಲಿ ಒಂದು ಕಡ್ಡಿ ಕಿತ್ತರೂ ಹೀಗೆ ಬೆಳಕು ಕೂರಬಹುದು, ಅದಕ್ಕೆ ಟೋಪಾಲಜಿ ಬೇಕಿಲ್ಲ. ರಂಗೋಲಿ ಹಾಕುವ ಕಣ್ಣಿಗೆ ಕಂಡದ್ದು ಪಿಎಚ್‌ಡಿ ಮಾಡಿದ ಕಣ್ಣಿಗೆ ಕಾಣಲಿಲ್ಲ. ಹೋಳಿಗೆ ಆ ವಾರ ಆಗಲಿಲ್ಲ.

ಮೀಪ್ ಬಗ್ಗೆ ನನ್ನ ಮುಖ್ಯ ಮಾತು ಇದೇ. ಅದು ನೀವು ಕೊಟ್ಟ ಜ್ಯಾಮಿತಿಗೆ ಸರಿಯಾದ ಉತ್ತರ ಕೊಡುತ್ತದೆ. ಆ ಬೆಳಕು ಯಾವ ಕಾರಣಕ್ಕೆ ಅಲ್ಲಿ ನಿಂತಿದೆ ಅಂತ ಅದಕ್ಕೆ ಗೊತ್ತಿಲ್ಲ, ಅದು ಹೇಳುವುದೂ ಇಲ್ಲ. ಪರೀಕ್ಷೆ ನೀವೇ ಮಾಡಬೇಕು. ನಾವು ಮಾಡಿದ್ದು ಇಷ್ಟು. ಮೊದಲು ಎಪ್ಸಿಲಾನ್ ಚಿತ್ರ ತೆಗೆದು ಕಡ್ಡಿ ಎಣಿಸುವುದು. ಇದು ಈಗ ಮನೆಯ ಕಾನೂನು. ಆಮೇಲೆ ಎಂಪಿಬಿಯಲ್ಲಿ ಮೊದಲ ಬ್ಯಾಂಡಿನ ಫೀಲ್ಡ್, ಬ್ರಿಲ್ವಾ ವಲಯದ (ಲ್ಯಾಟಿಸ್‌ನಲ್ಲಿ ತರಂಗದ ದಿಕ್ಕು, ಉದ್ದ ಗುರುತಿಸುವ ನಕ್ಷೆ) ನಡುವೆ ಒಂದು ಸಲ, ಅಂಚಿನ ಎಕ್ಸ್ ಬಿಂದುವಿನಲ್ಲಿ ಒಂದು ಸಲ. ಕನ್ನಡಿ ಹಿಡಿದಾಗ ಚಿಹ್ನೆ ಬದಲಾಗುತ್ತದೆಯೋ ಇಲ್ಲವೋ ನೋಡಬೇಕು. ಎರಡು ಕಡೆ ಬೇರೆ ಬೇರೆ ಬಂದರೆ ಪೋಲರೈಸೇಶನ್ (ಬೆಳಕಿನ ಧ್ರುವೀಕರಣವಲ್ಲ, ಮನೆಯ ನಡುವಿನಿಂದ ಅಲೆಯ ಕೇಂದ್ರ ಎಷ್ಟು ಸರಿದಿದೆ ಅನ್ನುವ ಅಳತೆ) ಅರ್ಧ, ಅಂದರೆ ಟೋಪಾಲಜಿಕಲ್. ಒಂದೇ ಬಂದರೆ ಸೊನ್ನೆ. ಕೊನೆಗೆ ಒಳಗೆ, ಹೊರಗೆ ಅದಲು ಬದಲು ಮಾಡಿ ಮತ್ತೆ ಓಡಿಸುವುದು.

ಲೂಪ್ ಸರಿ ಮಾಡಿದ ಮೇಲೆ ನಾಲ್ಕು ಮೂಲೆಯೂ ಬೆಳಗಿತು. ಈಶಾನ್ಯ ಮೂಲೆಗೆ ವಿಶೇಷ ಮರ್ಯಾದೆ ಏನೂ ಸಿಗಲಿಲ್ಲ.

ಇಲ್ಲಿ ಸುಮ್ಮನಿರಲಾರದೆ ಮೂಲೆಯ ಕಡ್ಡಿಯ ದಪ್ಪ ಸ್ವಲ್ಪ ಬದಲಿಸಿ ನೋಡಿದೆವು. ಫ್ರೀಕ್ವೆನ್ಸಿ ಜಾರಿತು. ದೂರದ ಕಡ್ಡಿ ಕಿತ್ತರೆ ಕದಲಲಿಲ್ಲ, ಮೂಲೆಯದ್ದೇ ಮುಟ್ಟಿದರೆ ಕದಲಿತು. ಪೇಪರುಗಳಲ್ಲಿ 'ಟೋಪಾಲಜಿಕಲ್ ರಕ್ಷಣೆ' ಅಂತ ಓದಿ ಬಂದ ಹುಡುಗಿಯರಿಗೆ ನಿರಾಶೆಯಾಯಿತು. ಆದರೆ ಇದು ಸರಿಯೇ. ಸರಳ ಎಸ್‌ಎಸ್‌ಎಚ್ ಮಾದರಿಯಲ್ಲಿ ಪಕ್ಕದ ಮನೆಯ ಜೊತೆ ಮಾತ್ರ ನೆಂಟಸ್ತನ, ಅದರಿಂದ ಒಂದು ಸಮ್ಮಿತಿ ಬರುತ್ತದೆ, ಅದು ಮೂಲೆಯ ಶಕ್ತಿಯನ್ನು ನಡುವೆ ಕಟ್ಟಿಹಾಕುತ್ತದೆ. ನಿಜವಾದ ಕಡ್ಡಿಗಳಲ್ಲಿ ಬೆಳಕು ದೂರದ ಮನೆಗೂ ಇಣುಕುತ್ತದೆ, ಆ ಸಮ್ಮಿತಿ ಉಳಿಯುವುದಿಲ್ಲ. 2020ರಲ್ಲಿ ಇಲಿನಾಯ್ ಗುಂಪು ಮೂಲೆಯ ಪಾಲಿಗೆ ಎಷ್ಟು ಸ್ಥಿತಿ ಬರುತ್ತವೆ ಅನ್ನುವ ಭಿನ್ನರಾಶಿಯ ಲೆಕ್ಕವನ್ನೇ ಗುರುತಾಗಿ ಹಿಡಿಯಬೇಕು ಅಂತ ತೋರಿಸಿದ್ದು ಇದಕ್ಕೇ. ಮೂಲೆಯ ಬೆಳಕು ಗ್ಯಾಪ್‌ನಿಂದ ಜಾರಿಹೋದರೂ ಆ ಲೆಕ್ಕ ಉಳಿಯುತ್ತದೆ. ರಕ್ಷಣೆ ಅನ್ನುವ ಪದವನ್ನು ಜನ ಸ್ವಲ್ಪ ಧಾರಾಳವಾಗಿ ಬಳಸುತ್ತಾರೆ ಅಂತ ನನ್ನ ಅಭಿಪ್ರಾಯ. ಹಾಗಂತ ಇದು ಕೆಲಸಕ್ಕೆ ಬಾರದ್ದೂ ಅಲ್ಲ. ಟೋಕಿಯೋದವರು 2019ರಲ್ಲೇ ಇಂಥ ಮೂಲೆಯನ್ನು ಬೆಳಕು ಹಿಡಿದಿಡುವ ನ್ಯಾನೋ ಗೂಡಾಗಿ ಬಳಸಿದ್ದಾರೆ, ಆಮೇಲೆ ಪುಟ್ಟ ಲೇಸರುಗಳೂ ಬಂದಿವೆ.

ವೇಗ ಹೇಗೆ ಅಂತ ಕೇಳುತ್ತೀರಿ. ರೆಸಲ್ಯೂಷನ್ 32, ಅಂದರೆ ಒಂದು ಮನೆಯ ಅಗಲಕ್ಕೆ 32 ಬಿಂದು, ಇಟ್ಟರೆ ನಮ್ಮ ಚೌಕದಲ್ಲಿ 512 ಗುಣಿಸು 512, ಸುಮಾರು 2.6 ಲಕ್ಷ ಬಿಂದು. ನನ್ನ 8 ಜಿಬಿ ಲ್ಯಾಪ್‌ಟಾಪಿನಲ್ಲಿ ಒಂದು ರನ್ನಿಗೆ ಮುಕ್ಕಾಲು ಗಂಟೆ. ಎಡಬಲ, ಮೇಲೆಕೆಳಗೆ ಕನ್ನಡಿ ಸಮ್ಮಿತಿ ಇದೆ ಅಂತ ಹೇಳಿಕೊಟ್ಟರೆ ಕಾಲುಭಾಗ ಮಾತ್ರ ಲೆಕ್ಕ ಹಾಕುತ್ತದೆ, ಹನ್ನೆರಡು ಹದಿಮೂರು ನಿಮಿಷಕ್ಕೆ ಮುಗಿಯುತ್ತದೆ. ಆದರೆ ಹುಷಾರು. ನಾಲ್ಕು ಮೂಲೆ ಸೇರಿ ನಾಲ್ಕು ಸ್ಥಿತಿ ಇರಬೇಕು, ಸಮ್ಮಿತಿ ಕೊಟ್ಟರೆ ಅದಕ್ಕೆ ಒಪ್ಪುವ ಒಂದೇ ಕಾಣುತ್ತದೆ. ಉಳಿದ ಮೂರು ಎಲ್ಲಿ ಹೋದವು ಅಂತ ನಾವು ಒಂದು ಸಂಜೆ ತಲೆ ಕೆರೆದುಕೊಂಡೆವು. ರೆಸಲ್ಯೂಷನ್ ಎರಡು ಪಟ್ಟು ಮಾಡಿದರೆ ಸಮಯ ಎಂಟು ಪಟ್ಟು. ಮೂರು ಆಯಾಮದಲ್ಲಿ ಹದಿನಾರು. ಮೂರು ಆಯಾಮದ ಚಪ್ಪಡಿ ಅಂದರೆ 3.3 ಕೋಟಿ ಬಿಂದು, ನನ್ನ ಲ್ಯಾಪ್‌ಟಾಪ್ ಕೈ ಎತ್ತಿತು. ಗ್ರಾಫಿಕ್ಸ್ ಕಾರ್ಡ್ ಇದ್ದರೂ ಉಪಯೋಗವಿಲ್ಲ, ಮೀಪ್ ಅದನ್ನು ಬಳಸುವುದಿಲ್ಲ. ಇವತ್ತಿನ ಕಾಲಕ್ಕೆ ಇದು ದೊಡ್ಡ ಕೊರತೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಕಳೆದ ಒಂದು ಇದಕ್ಕೆ ಮತ್ತು ವಿಂಡೋಸ್ ಸರ್ಕಸ್ಸಿಗೆ.

ಎಂಪಿಬಿಯಲ್ಲೇ ಪೂರ್ತಿ ಚೌಕ ಹಾಕಿ ಮೂಲೆ ಹುಡುಕಬಹುದಲ್ವಾ ಅಂತ ಒಬ್ಬರು ಸಹೋದ್ಯೋಗಿ ಕೇಳಿದರು. ಬಹುದು. ಆದರೆ 256 ಮನೆ ಸೇರಿಸಿದರೆ ಮೊದಲ ಬ್ಯಾಂಡೇ 256 ತುಂಡಾಗಿ ಮಡಚಿಕೊಳ್ಳುತ್ತದೆ. ಅಷ್ಟನ್ನೂ ದಾಟಿ ಹೋಗಬೇಕು. ಮಡಕೆ ತಟ್ಟುವುದೇ ವಾಸಿ.

ಇನ್ನೊಂದು ಎಚ್ಚರಿಕೆ. ಫೋಟಾನಿಕ್ ಲ್ಯಾಟಿಸ್ ಅಂತ ಕೆಲವರು ಹೇಳುವುದು ಕಡ್ಡಿಗಳನ್ನಲ್ಲ, ಗಾಜಿನೊಳಗೆ ಫೆಮ್ಟೋಸೆಕೆಂಡ್ ಲೇಸರಿನಿಂದ ಗೀರಿದ ಬೆಳಕಿನ ಕಾಲುವೆಗಳ ಸಾಲನ್ನು. ಪೆನ್ ಸ್ಟೇಟ್‌ನವರು, ಸ್ಟಾಕ್‌ಹೋಮ್‌ನವರು ಮೂಲೆಯ ಬೆಳಕನ್ನು ಅಂಥ ಗಾಜಿನಲ್ಲೇ ನೋಡಿದ್ದು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೂ ಸೆಬಬ್ರತ ಮುಖರ್ಜಿ ಅವರ ಲ್ಯಾಬ್ ಇಂಥ ಗಾಜಿನ ಲ್ಯಾಟಿಸ್‌ಗಳ ಮೇಲೆ ಕೆಲಸ ಮಾಡುತ್ತದೆ. ನಿಮ್ಮ ಪ್ರಾಜೆಕ್ಟ್ ಆ ಥರದ್ದಾದರೆ ಮೀಪ್ ಮುಟ್ಟಬೇಡಿ. 10 ಸೆಂಟಿಮೀಟರ್ ಗಾಜಿನಲ್ಲಿ 1 ಮೈಕ್ರಾನ್ ಬೆಳಕು ಲಕ್ಷ ತರಂಗ ನಡೆಯಬೇಕು, ಮೀಪ್ ಪ್ರತಿ ತರಂಗವನ್ನೂ ತುಂಡು ಮಾಡುತ್ತಾ ಕೂರುತ್ತದೆ. ಅಲ್ಲಿ ಪಕ್ಕದ ಕಾಲುವೆಗೆ ಎಷ್ಟು ಬೆಳಕು ದಾಟುತ್ತದೆ ಅನ್ನುವ ಒಂದು ಮ್ಯಾಟ್ರಿಕ್ಸ್ ಬರೆದರೆ ಪೈಥಾನಿನ ಗಣಿತ ಲೈಬ್ರರಿ ನಮ್‌ಪೈಯಲ್ಲಿ ಮೂವತ್ತು ಸಾಲಿನ ಕೆಲಸ, ಉತ್ತರ ಕ್ಷಣದಲ್ಲಿ.

ಮೊದಲ ಸಲ ಹಾಕಿಕೊಳ್ಳುವವರು ರೆಸಲ್ಯೂಷನ್ 16ರಲ್ಲಿ ಶುರು ಮಾಡಿ, ಚಿತ್ರ ಸರಿ ಬಂದ ಮೇಲೆ 32ಕ್ಕೆ ಹೋಗಿ. ಸಮ್ಮಿತಿಯನ್ನು ಕೊನೆಗೆ ಸೇರಿಸಿ. ರಾತ್ರಿ ರನ್ ಹಾಕಿ ಮಲಗುವುದಾದರೆ ಯುಪಿಎಸ್ ಇರಲಿ, ನಡುವೆ ಕರೆಂಟ್ ಹೋಗಿ ಬ್ಯಾಟರಿಯೂ ಖಾಲಿಯಾದರೆ ಬೆಳಗ್ಗೆ ಮೊದಲಿನಿಂದ ಶುರು. ಚಿತ್ರ ಬಂದ ಮೇಲೆ ಪಕ್ಕದಲ್ಲಿ ಫಿಸಿಕ್ಸ್ ಗೊತ್ತಿಲ್ಲದವರು ಯಾರಾದರೂ ಇದ್ದರೆ ಕರೆದು ತೋರಿಸಿ, ಕಡ್ಡಿ ಎಣಿಸಲು ಹೇಳಿ.